ನಿಂತವರಿಗೊಂದು ಕುರ್ಚಿ

ಬಸ್ಸು ಓಡಿಸುವುದು ಬಿಟ್ಟು ಎಷ್ಟೋ ವರ್ಷವಾಗಿದ್ದರೂ ಅವನ ಬಲಗಾಲಿಗೆ ಆ ಸುದ್ದಿ ಇನ್ನೂ ಮುಟ್ಟಿರಲಿಲ್ಲ. ಊಟಕ್ಕೆ ಕೂತರೆ ಬ್ರೇಕು ತುಳಿಯುತ್ತಿತ್ತು, ಮಲಗಿದರೂ ತುಳಿಯುತ್ತಿತ್ತು. ನೀರಿನ ಸರದಿಯಲ್ಲಿ ಯಾರಾದರೂ ಅಡ್ಡ ನುಗ್ಗಿದರಂತೂ ಹಿಮ್ಮಡಿ ನೆಲಕ್ಕೂರಿ ಮುಂಗಾಲು ಗಟ್ಟಿಯಾಗಿ ಒತ್ತಿಬಿಡುತ್ತಿತ್ತು. ಹೆಂಡತಿ ಮೊದಮೊದಲು ಆ ಕಾಲಿನ ಮೇಲೆ ಕೈಯಿಟ್ಟು ಸುಮ್ಮನಾಗಿಸಲು ನೋಡಿದಳು, ಆಮೇಲೆ ಅವಳೂ ಕೈಬಿಟ್ಟಳು. ಸಾಲುಮನೆಗಳವರೆಲ್ಲ ಅವನನ್ನು ಡ್ರೈವರಣ್ಣ ಎಂದೇ ಕರೆಯುತ್ತಿದ್ದರು. ಆಫೀಸಿನವರ ಪಾಲಿಗೆ ಮಾತ್ರ ಅವನು ಕ್ಷೌರಿಕ.

ಅದಾದದ್ದು ಹೀಗೆ. ಗಡಿ ದಾಟಿ ಬಂದವರಿಗೆಂದು ಕಟ್ಟಿದ ತಗಡಿನ ಸಾಲುಮನೆಗಳ ಶಿಬಿರ ಅದು. ಸುತ್ತ ಬೇಲಿ, ಬೇಲಿಗೊಂದು ಗೇಟು, ಗೇಟಿನಾಚೆ ಪೇಟೆ. ಮೊದಲ ವರ್ಷಗಳಲ್ಲಿ ಆಫೀಸಿನವರು ಹಿಟ್ಟು, ಎಣ್ಣೆ, ಕಾಳು ಕೊಟ್ಟು, ಗಾಬರಿಯಾಗಬೇಡಿ, ನಾವಿದ್ದೇವೆ ಎನ್ನುತ್ತಿದ್ದರು. ಆಮೇಲೆ ಎಲ್ಲೋ ದೂರದ ದೊಡ್ಡ ಆಫೀಸಿನಲ್ಲಿ ಯಾರಿಗೋ ಜ್ಞಾನೋದಯವಾಯಿತು. ಹೀಗೆ ಕೂರಿಸಿ ತಿನ್ನಿಸಿದರೆ ಈ ಜನ ಸೋಮಾರಿಗಳಾಗುತ್ತಾರೆಂದು ತೀರ್ಮಾನವಾಯಿತು. ಗೋಡೆಗಳ ಮೇಲೆ ನಗುವ ಮುಖಗಳ ಚಿತ್ರಗಳು ಬಂದವು, ಅವುಗಳ ಕೆಳಗೆ 'ನಿಮ್ಮ ಕಾಲ ಮೇಲೆ ನೀವೇ ನಿಲ್ಲಿ' ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಮಕ್ಕಳನ್ನು ಹೆಗಲ ಮೇಲೆ ಹೊತ್ತು ಬೆಟ್ಟ ಹತ್ತಿಳಿದು ಬಂದವರಿಗೆ ಕಾಲಿನ ಪಾಠ ಹೇಳಿಕೊಡುತ್ತಿದ್ದಾರಲ್ಲ ಎಂದು ಡ್ರೈವರನ ಅಮ್ಮ ಮೂಗು ಮುರಿದಳು.

ಕಲಿಯಲು ಇದ್ದದ್ದು ಮೂರೇ ಕಸುಬು. ಸೋಪು ಮಾಡುವುದು, ಮೇಣದಬತ್ತಿ ಮಾಡುವುದು, ಇಲ್ಲವೆ ತಲೆಗೂದಲು ಕತ್ತರಿಸುವುದು. ನನಗೆ ಬಸ್ಸು ಓಡಿಸಲು ಬರುತ್ತದೆ, ಲಾರಿ ಕೊಟ್ಟರೂ ಆದೀತು ಎಂದು ಅವನು ತರಬೇತಿ ಮೇಡಂ ಹತ್ತಿರ ಹೇಳಿ ನೋಡಿದ. ಆಕೆ ಒಳ್ಳೆಯ ಹೆಂಗಸು, ಮುಖಕ್ಕೆ ಹೊಡೆದ ಹಾಗೆ ಮಾತಾಡುವವಳಲ್ಲ. ಲೈಸೆನ್ಸು ಈ ದೇಶದವರಿಗೆ ಮಾತ್ರ ಎಂದು ಮೆತ್ತಗೆ ಹೇಳಿದಳು. ಹಾಗಾದರೆ ಪೇಟೆಯ ಗ್ಯಾರೇಜಿನಲ್ಲಿ ಗಾಡಿ ರಿಪೇರಿಯಾದರೂ ಮಾಡುತ್ತೇನೆ ಎಂದ. ಗೇಟು ದಾಟಿ ಕೆಲಸ ಮಾಡಲು ಬೇರೆ ಆಫೀಸಿನ ಅನುಮತಿ ಬೇಕು ಎಂದಳು. ಆ ಆಫೀಸು ಎಲ್ಲಿದೆ ಎಂದು ಕೇಳಿದರೆ ಆಕೆಗೂ ಗೊತ್ತಿರಲಿಲ್ಲ. ಕೊನೆಗೆ ಕತ್ತರಿ, ಬಾಚಣಿಗೆ, ರೇಜರು, ಒಂದು ಬಿಳಿ ಬಟ್ಟೆ ತುಂಬಿದ ಚೀಲ ಹಿಡಿದು ಮನೆಗೆ ಬಂದ. ಜೀವಮಾನವಿಡೀ ಕೂತು ದುಡಿದ ಮನುಷ್ಯ ಹೀಗೆ ನಿಂತು ದುಡಿಯಲು ಕಲಿತ.

ಕೈಯೇನೂ ಕೆಟ್ಟದ್ದಲ್ಲ. ಒಂದು ಕಿವಿಗೂ ಗಾಯ ಮಾಡಿದವನಲ್ಲ ಅವನು. ತೊಂದರೆಯಿದ್ದದ್ದು ತಲೆಗಳದ್ದು. ಸೋಪು ಚರ್ಮ ಸುಡುತ್ತದೆ, ಮೇಣದಬತ್ತಿ ತಗಡಿನ ಶಾಖಕ್ಕೆ ಬಾಗುತ್ತದೆ ಎಂದು ಗೊತ್ತಾದ ಮೇಲೆ ಸಾಲಿನ ಗಂಡಸರೆಲ್ಲ ಕತ್ತರಿಯನ್ನೇ ಆರಿಸಿಕೊಂಡಿದ್ದರು. ಬೇಕರಿ ಇಟ್ಟಿದ್ದ, ಸಾಲಿನವರೆಲ್ಲ ಮಾವ ಎಂದು ಕರೆಯುವವನೂ ಕ್ಷೌರಿಕ, ಗೋಡೆ ಕಟ್ಟುತ್ತಿದ್ದವನೂ ಕ್ಷೌರಿಕ, ಬಾವಿ ತೋಡುತ್ತಿದ್ದವನೂ ಕ್ಷೌರಿಕ. ಒಬ್ಬರ ತಲೆ ಇನ್ನೊಬ್ಬರು ಕತ್ತರಿಸಬೇಕು. ಕೂದಲಾದರೋ ತನ್ನ ಪಾಡಿಗೆ ತಾನು ಬೆಳೆಯುವ ವಸ್ತು, ಆಫೀಸಿನ ಅವಸರ ಅದಕ್ಕಿಲ್ಲ. ಕೂಲಿಯೆಂದರೆ ಒಂದು ಬಟ್ಟಲು ಹಿಟ್ಟು, ಇಲ್ಲವೆ 'ಮುಂದಿನ ಸಲ ನೋಡೋಣ'. ಪೇಟೆಯವರ ತಲೆಗಳೆಲ್ಲ ಬೇಲಿಯಾಚೆ ಇದ್ದವು, ಅವುಗಳನ್ನು ನೋಡಿಕೊಳ್ಳಲು ಪೇಟೆಯಲ್ಲೇ ಅಂಗಡಿಗಳಿದ್ದವು.

ಹೀಗಾಗಿ ಮನೆ ನಡೆಯುತ್ತಿದ್ದದ್ದು ಕತ್ತರಿಯಿಂದಲ್ಲ, ರೇಷನ್ ಕಾರ್ಡಿನಿಂದ. ಹಿಟ್ಟು ಅದರ ಮೇಲೆ, ಎಣ್ಣೆ ಅದರ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಅಮ್ಮನ ಔಷಧಿ ಅದರ ಮೇಲೆ. ಅಮ್ಮನಿಗೆ ಸಕ್ಕರೆ ಕಾಯಿಲೆ. ಇನ್ಸುಲಿನ್ ಸೂಜಿ ಚುಚ್ಚಿದರೆ ಅವಳು ಸಾಲಿಗೆಲ್ಲ ಕೇಳಿಸುವ ಹಾಗೆ ಬೈಯುತ್ತ ಓಡಾಡುವ ಅಮ್ಮ, ಚುಚ್ಚದಿದ್ದರೆ ಮಾತಿನ ನಡುವೆಯೇ ಕಣ್ಣು ಮಂಜಾಗಿ ಗೋಡೆಗೊರಗುವ ಮುದುಕಿ. ಶಿಬಿರದ ಕ್ಲಿನಿಕ್ಕಿನ ನರ್ಸು ಕಾರ್ಡು ನೋಡಿ ಸೀಸೆ ಕೊಡುತ್ತಿದ್ದಳು. ಅದನ್ನು ಒದ್ದೆ ಮರಳು ತುಂಬಿದ ಮಡಕೆಯಲ್ಲಿ ಹುಗಿದಿಡುವುದು, ಮರಳು ಒಣಗದಂತೆ ನೋಡಿಕೊಳ್ಳುವುದು ಹೆಂಡತಿಯ ಕೆಲಸ.

ಆ ಸಾಲಿನವರಿಗೆ ಒಂದು ಅಭ್ಯಾಸವಿತ್ತು, ಅದನ್ನು ಹೇಳದೆ ಈ ಕತೆ ಮುಂದೆ ಹೋಗುವುದಿಲ್ಲ. ಅದು ಶುರುವಾದದ್ದು ದಾರಿಯಲ್ಲಿ. ಊರು ಬಿಟ್ಟು ಬರುವಾಗ ಅಲ್ಲಲ್ಲಿ ಕಂಡವರ ಕೊಟ್ಟಿಗೆಗಳಲ್ಲಿ, ಗೋದಾಮುಗಳಲ್ಲಿ ತಂಗಬೇಕಾಗುತ್ತಿತ್ತು. ಯಾವುದಾದರೂ ಕುಟುಂಬವನ್ನು ನೋಡಲು ಹೊರಗಿನವರು ಬಂದರೆ ಸಾಕು, ಮಿಕ್ಕವರು ತಮ್ಮಲ್ಲಿ ಕಡಿಮೆ ಹರಿದಿರುವ ಕಂಬಳಿಯನ್ನು ಸದ್ದಿಲ್ಲದೆ ಅವರತ್ತ ದಾಟಿಸುತ್ತಿದ್ದರು. ಪರರ ಎದುರು ನಮ್ಮವರು ಯಾರೂ ಭಿಕಾರಿಗಳಂತೆ ಕಾಣಬಾರದು, ಅಷ್ಟೇ. ಶಿಬಿರಕ್ಕೆ ಬಂದ ಮೇಲೂ ಅದು ಹಾಗೇ ನಡೆದುಕೊಂಡು ಬಂತು. ಒಂದು ಬಾಗಿಲಿಗೆ ಹೊರಗಿನವರು ಬಂದರೆ ಉಳಿದ ಮನೆಗಳ ಹಿಂಬಾಗಿಲಿನಿಂದ ಒಂದು ಕುರ್ಚಿ, ಅಂಚು ಒಡೆಯದ ಲೋಟಗಳು, ಬೇಕರಿ ಮಾವನ ಮನೆಯ ಹೂವಿನ ಚಾದರ ತಾವಾಗಿಯೇ ಹೊರಡುತ್ತಿದ್ದವು. ಆ ಚಾದರವನ್ನು ಎಲ್ಲ ಮನೆಗಳಲ್ಲೂ ಕಂಡ ಆಫೀಸಿನವರು, ಈ ಜನಕ್ಕೆಲ್ಲ ಒಂದೇ ರುಚಿ ಎಂದುಕೊಂಡಿರಬೇಕು. ಬಂದವರು ಹೋದ ಮೇಲೆ ಯಾರೂ ಕೇಳದೆಯೇ ಸಾಮಾನುಗಳೆಲ್ಲ ತಮ್ಮ ತಮ್ಮ ಮನೆಗೆ ವಾಪಸು ಬರುತ್ತಿದ್ದವು.

ದೊಡ್ಡ ಆಫೀಸಿನಿಂದ ಅತಿಥಿಗಳು ಬರುತ್ತಾರೆ, ನಿಮ್ಮ ಅಂಗಡಿ ನೋಡುತ್ತಾರೆ ಎಂದು ತರಬೇತಿ ಮೇಡಂ ಡ್ರೈವರನಿಗೆ ಹೇಳಿದ ದಿನ ಸಾಲಿಗೆ ಸಾಲೇ ಸಡಗರಕ್ಕೆ ಬಿತ್ತು. ಅಂಗಡಿಯೆಂದರೆ ಮನೆಯ ಮುಂದೆ ನಾಲ್ಕು ಬಿದಿರ ಗಳು ನೆಟ್ಟು ಪ್ಲಾಸ್ಟಿಕ್ ಹೊದಿಸಿದ ಚಪ್ಪರ, ಅದರಡಿ ಕಾಲು ಅಲುಗುವ ಒಂದು ಸ್ಟೂಲು. ಬೆಳಗಾಗುವಷ್ಟರಲ್ಲಿ ಅಲ್ಲಿ ಕೈಯಿರುವ ಕುರ್ಚಿ ಬಂದಿತ್ತು, ನಿಲುವುಗನ್ನಡಿ ಬಂದಿತ್ತು, ಮಡಿಸಿದ ಟವೆಲುಗಳು, ಬಣ್ಣದ ನೀರು ತುಂಬಿದ ಸೆಂಟಿನ ಬಾಟಲಿಗಳು ಬಂದಿದ್ದವು. ಕುರ್ಚಿ ಕನ್ನಡಿ ಇದ್ದು ತಲೆಯೇ ಇಲ್ಲದಿದ್ದರೆ ಹೇಗೆ? ಗಂಡಸರೆಲ್ಲ ಶುಭ್ರವಾಗಿ ಬಂದು ಬೆಂಚಿನ ಮೇಲೆ ಸಾಲಾಗಿ ಕೂತರು. ಎಲ್ಲರೂ ಕ್ಷೌರಿಕರು. ಬೇಕರಿ ಮಾವನಂತೂ ಹಿಂದಿನ ವಾರವಷ್ಟೇ ತಲೆ ಬೋಳಿಸಿಕೊಂಡಿದ್ದವನು, ಟೋಪಿ ಹಾಕಿಕೊಂಡು ಗಂಭೀರವಾಗಿ ಸರದಿ ಕಾಯುತ್ತಿದ್ದ.

ಅತಿಥಿಗಳು ಬೆರಗಾದರು. ಒಬ್ಬ ತಾನೇ ಗಡ್ಡ ಹೆರೆಸಿಕೊಂಡು ಗಲ್ಲ ಸವರಿ ಭೇಷ್ ಎಂದ. ಮೇಡಂ ಕಣ್ಣಲ್ಲಿ ನೀರೇ ಬಂತು. ಕತ್ತರಿ ಎತ್ತಿ ಹಿಡಿದ ಡ್ರೈವರನ ಫೋಟೊ ತೆಗೆದರು, ಹಿಂದೆ ಗಿರಾಕಿಗಳ ಸಾಲು. ಆ ರಾತ್ರಿ ಅಮ್ಮ ಮಗನ ಬೆನ್ನು ಸವರಿದಳು. ತಾವು ಮುಖ ಉಳಿಸಿಕೊಂಡೆವು ಎಂಬ ಸಮಾಧಾನದಲ್ಲಿ ಸಾಲು ಮಲಗಿತು.

ಬಹುಮಾನ ಬರಲು ತಡವಾಗಲಿಲ್ಲ. ಮೇಡಂ ಸಿಹಿ ಹಿಡಿದುಕೊಂಡೇ ಬಂದಳು. ನಿಮ್ಮ ಕುಟುಂಬ ಸ್ವಾವಲಂಬಿ ಎಂದು ದೊಡ್ಡ ಆಫೀಸು ಒಪ್ಪಿದೆ, ಸಾಲಿಗೇ ಮೊದಲಿಗರು ನೀವು ಎಂದಳು. ಡ್ರೈವರನೂ ನಕ್ಕ, ಹೆಂಡತಿಯೂ ನಕ್ಕಳು. ಇನ್ನು ಮುಂದೆ ಕಾರ್ಡಿನ ಅಗತ್ಯವಿಲ್ಲ ಅಲ್ಲವೆ, ಅದನ್ನು ವಾಪಸು ಕೊಡಿ ಎಂದು ಆಕೆ ಕೈಚಾಚಿದಾಗ ಮಾತ್ರ ಅವನ ಬಲಗಾಲು ನೆಲಕ್ಕೆ ಗಟ್ಟಿಯಾಗಿ ಒತ್ತಿತು. ನಿಲ್ಲುವುದಕ್ಕೆ ಅಲ್ಲಿ ಏನೂ ಇರಲಿಲ್ಲ.

ಆಮೇಲಿನ ದಿನಗಳಲ್ಲಿ ಅವನು ಒಂದು ಕಡೆ ನಿಂತವನಲ್ಲ. ಕ್ಲಿನಿಕ್ಕಿಗೆ ಹೋದ, ಕಾರ್ಡಿಲ್ಲದೆ ಸೀಸೆ ಕೊಟ್ಟರೆ ನನ್ನ ಕೆಲಸ ಹೋಗುತ್ತದೆ ಎಂದು ನರ್ಸು ಮುಖ ತಿರುಗಿಸಿಕೊಂಡಳು. ಒಂದು ದಿನದ ಚೀಟಿ ಪಡೆದು ಪೇಟೆಗೆ ಹೋದ, ಔಷಧಿ ಅಂಗಡಿಯವನು ಹೇಳಿದ ಬೆಲೆಯನ್ನು ಇನ್ನೊಮ್ಮೆ ಕೇಳುವ ಧೈರ್ಯವಾಗಲಿಲ್ಲ. ಅದೇ ಬೀದಿಯಲ್ಲಿದ್ದ ಕ್ಷೌರದಂಗಡಿಗೆ ನುಗ್ಗಿ, ದಿನಗೂಲಿಗೆ ಇಟ್ಟುಕೊಳ್ಳುತ್ತೀರಾ ಎಂದ. ಅಂಗಡಿಯವನು ಅವನ ಕೈಯ ಚೀಟಿ ನೋಡಿ, ನಿನ್ನನ್ನು ಇಟ್ಟುಕೊಂಡರೆ ನನ್ನ ಬಾಗಿಲಿಗೆ ಬೀಗ ಬೀಳುತ್ತದಪ್ಪ ಎಂದ. ಅದೂ ಸಿಟ್ಟಿನಿಂದಲ್ಲ, ಇದ್ದದ್ದನ್ನು ಇದ್ದ ಹಾಗೆ. ಬೇಲಿಯೊಳಗೆ ನಿಲ್ಲು ಎನ್ನುವವರಿಗೆ ಅಲ್ಲಿ ಅನ್ನವಿಲ್ಲ ಎಂಬುದು ಕಾಣುವುದಿಲ್ಲ, ಬೇಲಿಯಾಚೆ ಅನ್ನವಿದ್ದರೆ ಅಲ್ಲಿ ನಿಲ್ಲಲು ಬಿಡುವುದಿಲ್ಲ. ಇದೆಂಥ ನಿಲ್ಲುವುದು ಎಂದು ಅವನಿಗೆ ಮೈ ಉರಿದುಹೋಯಿತು.

ಮಡಕೆಯಲ್ಲಿ ಉಳಿದಿದ್ದದ್ದು ಒಂದೇ ಸೀಸೆ. ಅದೂ ಅರ್ಧ. ಸೀಸೆ ಇಳಿಯಬೇಕಾದಷ್ಟು ಇಳಿಯುತ್ತಿಲ್ಲ ಎಂಬುದನ್ನು ಮೊದಲು ಗಮನಿಸಿದವಳು ಹೆಂಡತಿ. ಅತ್ತೆ ನಿಮ್ಮ ಕಣ್ಣು ತಪ್ಪಿಸಿ ಕಡಿಮೆ ಎಳೆದುಕೊಳ್ಳುತ್ತಿದ್ದಾರೆ ಎಂದು ಅವಳು ಬಾವಿಕಟ್ಟೆಯ ಹತ್ತಿರ ಪಿಸುಗುಟ್ಟಿದಳು. ಅವನು ಅಮ್ಮನನ್ನು ಕೇಳಿದ. ಅವಳು ಕೇಳಿಸದವಳ ಹಾಗೆ, ಉಳಿದ ಹಿಟ್ಟಿನಲ್ಲಿ ಹುಳ ಹೆಚ್ಚು ಎಂದು ಬೇರೆ ಮಾತು ತೆಗೆದಳು. ಮಧ್ಯಾಹ್ನದ ಹೊತ್ತು ಅವಳು ಗೋಡೆಗೊರಗಿ ಕೂರುವುದು ಹೆಚ್ಚಾಗಿತ್ತು. ಬೈಗುಳ ಕಡಿಮೆಯಾಗಿತ್ತು. ಅಮ್ಮ ಬೈಯದ ಮನೆಯಲ್ಲಿ ಅವನಿಗೆ ಉಸಿರು ಕಟ್ಟಿದಂತಾಗುತ್ತಿತ್ತು. ಒಳಗಿದ್ದರೆ ಹೊರಗೆ ಹೋಗಬೇಕೆನಿಸುವುದು, ಹೊರಗೆ ಹೋದರೆ ಒಳಗೆ ಏನಾಗಿದೆಯೋ ಎಂದು ಓಡಿಬರಬೇಕೆನಿಸುವುದು.

ಕೊನೆಗೆ ಆಫೀಸಿನ ಮೆಟ್ಟಿಲ ಮೇಲೆ ಮೇಡಂ ಎದುರು ನಿಂತು, ಅದೆಲ್ಲ ಎರವಲು ತಂದದ್ದು, ಗಿರಾಕಿಗಳೂ ಎರವಲು ಎಂದು ಬಾಯಿಬಿಟ್ಟ. ಆಕೆಯ ಮುಖ ಬಾಡಿತು. ಈ ಸಾಲಿನವರು ನಿಲ್ಲದಿದ್ದರೆ ತನ್ನ ಕೆಲಸವೂ ಮುಂದುವರಿಯುವುದಿಲ್ಲ ಎಂದು ಆಕೆ ಹೇಳಲಿಲ್ಲವಾದರೂ ಅದು ಅವನಿಗೆ ಗೊತ್ತಿತ್ತು. ಆದರೂ ದಾರಿ ಹುಡುಕಿದಳು. ಮರುಪರಿಶೀಲನೆಗೆ ಒಬ್ಬರನ್ನು ಕರೆಸುತ್ತೇನೆ, ಅವರು ನಿಮ್ಮ ಅಂಗಡಿ ಇರುವ ಹಾಗೇ ನೋಡಲಿ ಎಂದಳು. ಕೆಳಗಿಳಿದು ಹೊರಟವನನ್ನು ತಡೆದು ಇನ್ನೊಂದು ಮಾತು ಸೇರಿಸಿದಳು.

"ನೋಡಿ, ಇದ್ದದ್ದು ಇದ್ದ ಹಾಗೇ ಇರ್ಲಿ. ಅವತ್ತು ನಿಮ್ಮವರು ಯಾರೂ ಸಹಾಯಕ್ಕೆ ಬರ್ಬಾರ್ದು. ಅದೊಂದು ನೋಡ್ಕೊಳ್ಳಿ."

ಸಾಲಿನವರನ್ನು ಕೂಡಿಸಿ ಇದನ್ನು ಹೇಳುವುದು ಅವನಿಗೆ ನುಂಗಲಾರದ ತುತ್ತಾಯಿತು. ಹೆಂಡತಿಯೇ ಮುಂದೆ ಬಂದು ಹೇಳಿದಳು. ಯಾರೂ ಏನನ್ನೂ ಕಳಿಸಬೇಡಿ, ಅವರು ಹೋಗುವ ತನಕ ಯಾರೂ ಬಾಗಿಲು ತೆಗೆಯಬೇಡಿ ಎಂದಳು. ಯಾರೂ ಎದುರಾಡಲಿಲ್ಲ. ಗೋಡೆ ಕಟ್ಟುವವನು ಕೆಮ್ಮಿದ. ಬೇಕರಿ ಮಾವ ಮಾತ್ರ ಸಪ್ಪೆಮುಖ ಮಾಡಿಕೊಂಡು, ಒಂದು ಲೋಟ ನೀರಾದರೂ ಕೊಡಬಹುದೋ ಇಲ್ಲವೋ ಎಂದು ಕೇಳಿದ. ಅದನ್ನು ನಾವೇ ಕೊಡುತ್ತೇವೆ, ಒಡಕು ಲೋಟದಲ್ಲಿ ಕೊಡುತ್ತೇವೆ ಎಂದಳು ಅವಳು. ಮಾವ ತನ್ನ ಮನೆಯನ್ನೇ ಯಾರೋ ಬೈದರೆಂಬಂತೆ ತಲೆತಗ್ಗಿಸಿದ.

ಪರಿಶೀಲನೆಯ ಸಾಹೇಬ ಬಿಸಿಲೇರಿದ ಮೇಲೆ ಬಂದ. ಚಿಕ್ಕ ವಯಸ್ಸಿನವನು, ಕನ್ನಡಕ, ಕೈಯಲ್ಲೊಂದು ಟ್ಯಾಬು. ಎಲ್ಲೆಲ್ಲೋ ಸುತ್ತಿ ಬಂದದ್ದು ಅವನ ಬೂಟಿನ ಧೂಳಿನಲ್ಲೇ ಕಾಣುತ್ತಿತ್ತು. ಚಪ್ಪರದ ಕೆಳಗೆ ಡ್ರೈವರನೊಬ್ಬನೇ. ಕನ್ನಡಿಯಿಲ್ಲ, ಟವೆಲಿಲ್ಲ, ಬೆಂಚಿಲ್ಲ. ಇಡೀ ಸಾಲು ಬಾಗಿಲು ಹಾಕಿಕೊಂಡು ಬಿಮ್ಮೆನ್ನುತ್ತಿತ್ತು. ಸಾಹೇಬ ನಿಂತುಕೊಂಡೇ ಪ್ರಶ್ನೆ ಕೇಳಿದ. ನಿನ್ನೆ ಎಷ್ಟು ಗಿರಾಕಿ, ಮೊನ್ನೆ ಎಷ್ಟು, ಮನೆಯಲ್ಲಿ ಒಲೆ ಎಷ್ಟು ಹೊತ್ತು ಉರಿಯುತ್ತದೆ, ಕಾಯಿಲೆಯವರು ಯಾರು. ಡ್ರೈವರ ಇದ್ದದ್ದು ಇದ್ದ ಹಾಗೆ ಹೇಳುತ್ತ ಹೋದ. ಅಮ್ಮನ ಸೂಜಿಯ ಮಾತನ್ನೂ ಹೇಳಿದ. ಸಾಹೇಬ ಅಲುಗುವ ಸ್ಟೂಲು ನೋಡಿದ, ಖಾಲಿ ಚಪ್ಪರ ನೋಡಿದ, ನಿಟ್ಟುಸಿರುಬಿಟ್ಟು ಟ್ಯಾಬಿನಲ್ಲಿ ಏನೋ ಒತ್ತಿದ. ಕಾರ್ಡು ವಾಪಸು ಬರುತ್ತದೆಂದು ಅವನ ಮುಖವೇ ಹೇಳುವಂತಿತ್ತು. ಒಳಗಿನಿಂದ ಬಾಗಿಲ ಸಂದಿಯಲ್ಲಿ ನೋಡುತ್ತಿದ್ದ ಹೆಂಡತಿ ಸೆರಗನ್ನು ಬಾಯಿಗೊತ್ತಿಕೊಂಡಳು. ಎಷ್ಟೋ ದಿನಗಳ ಮೇಲೆ ಅವನ ಬಲಗಾಲು ತೆಪ್ಪಗಿತ್ತು.

ಎಲ್ಲ ಮುಗಿಯುತ್ತ ಬಂದಾಗ ಸಾಹೇಬನಿಗೆ ಸುಸ್ತಾಯಿತು. ಬೆವರು ಒರೆಸಿಕೊಂಡು, ಇದನ್ನು ಕಳಿಸಿಬಿಡುತ್ತೇನೆ, ಎರಡು ನಿಮಿಷ ಕೂರಬಹುದೇ ಎಂದು ಸ್ಟೂಲಿನ ಮೇಲೆ ಕೂತ. ಸ್ಟೂಲಿನ ಕಾಲು ಪಕ್ಕಕ್ಕೆ ಸರಿಯಿತು. ಮನುಷ್ಯ ಬೀಳಲಿಲ್ಲ, ಚಪ್ಪರದ ಗಳು ಹಿಡಿದು ಸಾವರಿಸಿಕೊಂಡ. ಆದರೆ ಕನ್ನಡಕ ಮಣ್ಣಿಗೆ ಬಿತ್ತು. ಪಾಪ, ಅದನ್ನು ಎತ್ತಿಕೊಂಡು ಒರೆಸಿ, ನಾಚಿದವನಂತೆ ನಕ್ಕು, ಬಿಸಿಲಿನಲ್ಲೇ ನಿಂತು ಟ್ಯಾಬು ಒತ್ತತೊಡಗಿದ.

ಸಾಲಿಗೆ ಸಾಲೇ ತಗಡಿನ ಸಂದಿಗಳಿಂದ ಇದನ್ನು ನೋಡುತ್ತಿತ್ತು. ಮನೆಗೆ ಬಂದವನು ಬಿಸಿಲಿನಲ್ಲಿ ನಿಂತಿದ್ದಾನೆ. ನಮ್ಮಲ್ಲಿ ಕೂತು ಬೀಳುವುದರಲ್ಲಿದ್ದ, ಈಗ ನಿಂತಿದ್ದಾನೆ. ಯಾರೂ ಕುರ್ಚಿ ಕೊಡುತ್ತಿಲ್ಲ. ಡ್ರೈವರನಿಗೆ ಸಾಲಿನ ಒಳಗಿನ ಆ ಚಡಪಡಿಕೆ ಬೆನ್ನ ಮೇಲೆ ತಾಕಿದ ಹಾಗಾಯಿತು. ಬೇಡ, ಬೇಡ ಎಂದು ಅವನು ಒಳಗೊಳಗೇ ಅಂದುಕೊಳ್ಳುವಷ್ಟರಲ್ಲಿ ಚಿಲಕ ಸರಿದ ಸದ್ದು ಕೇಳಿತು.

ಕೈಯಿರುವ ಕುರ್ಚಿಯನ್ನು ತಲೆಯ ಮೇಲೆ ಹೊತ್ತು ಬೇಕರಿ ಮಾವ ಬಂದ. ಮುಖದಲ್ಲಿ ಅಪರಾಧ, ಕಾಲಲ್ಲಿ ಅವಸರ. ಕುರ್ಚಿಯನ್ನು ನೆರಳಿಗಿಟ್ಟು ತನ್ನ ಅಂಗಿಯಿಂದಲೇ ಒರೆಸಿ, ಕೂತ್ಕೊಳ್ಳಿ ಸಾಹೇಬರೆ ಎಂದ. ಒಂದು ಬಾಗಿಲು ತೆಗೆದ ಮೇಲೆ ಉಳಿದವು ನಿಲ್ಲುತ್ತವೆಯೇ? ಒಬ್ಬಳು ಒಡೆಯದ ಲೋಟದಲ್ಲಿ ನೀರು ತಂದಳು, ಅದರ ಹಿಂದೆಯೇ ಟೀ ಬಂತು. ಮುಖ ಒರೆಸಿಕೊಳ್ಳಲು ಟವೆಲು ಬಂತು, ಕನ್ನಡಕ ಸರಿಯಾಗಿ ಕೂತಿದೆಯೋ ನೋಡಿಕೊಳ್ಳಲಿ ಎಂದು ನಿಲುವುಗನ್ನಡಿಯೂ ಬಂತು. ಹೂವಿನ ಚಾದರವನ್ನು ಯಾರೋ ಕುರ್ಚಿಯ ಬೆನ್ನಿಗೆ ಹೊದಿಸಿದರು. ಬಂದ ಗಂಡಸರು ಬರಿಗೈಯಲ್ಲಿ ನಿಲ್ಲಲು ನಾಚಿ, ಅಭ್ಯಾಸಬಲದಿಂದ ಸಾಲಾಗಿ ಕೂತುಬಿಟ್ಟರು. ಸ್ವಲ್ಪ ಹೊತ್ತಿನಲ್ಲೇ ಅತಿಥಿಗಳು ತೆಗೆದ ಫೋಟೊದಲ್ಲಿ ಏನೇನಿತ್ತೋ ಅದೆಲ್ಲ ಅಲ್ಲಿ ಮತ್ತೆ ಬಂದು ನಿಂತಿತ್ತು.

ಸಾಹೇಬ ಒತ್ತುತ್ತಿದ್ದ ಬೆರಳನ್ನು ನಿಲ್ಲಿಸಿದ. ಟ್ಯಾಬಿನಲ್ಲಿ ಆ ಹಳೆಯ ಫೋಟೊ ತೆರೆದು ನೋಡಿದ, ಎದುರು ನೋಡಿದ. ಡ್ರೈವರ ಗಾಬರಿಯಿಂದ ಮುಂದೆ ಬಂದು ಒಂದೇ ಉಸಿರಿಗೆ ಹೇಳಿದ. ಇದು ಯಾವುದೂ ನನ್ನದಲ್ಲ, ಅವತ್ತೂ ನನ್ನದಾಗಿರಲಿಲ್ಲ. ಕೂತವರೆಲ್ಲ ನನ್ನ ಹಾಗೇ ಕತ್ತರಿ ಹಿಡಿದವರು, ಗಿರಾಕಿಗಳಲ್ಲ. ಕುರ್ಚಿ ಇವರದು, ಕನ್ನಡಿ ಅವರದು, ನನ್ನದು ಆ ಮುರುಕು ಸ್ಟೂಲು ಮಾತ್ರ. ಸಾಹೇಬ ಸಾವಧಾನವಾಗಿ ಕೇಳಿಸಿಕೊಂಡ. ಅವನ ಮುಖದಲ್ಲಿ ಅನುಮಾನವಿರಲಿಲ್ಲ, ಸಿಟ್ಟೂ ಇರಲಿಲ್ಲ. ಮೆಚ್ಚುಗೆಯಿತ್ತು.

"ಅಂದ್ರೆ ಕಷ್ಟ ಬಂದ್ರೆ ಇವರೆಲ್ಲ ನಿಮ್ಮ ಜೊತೆ ನಿಲ್ತಾರೆ."

"ನಿಲ್ತಾರೆ ಸಾರ್. ಆದ್ರೆ ಅವರಿಗೇ ನಿಲ್ಲಕ್ಕೆ ನೆಲ ಇಲ್ಲ."

"ಒಬ್ಬರಿಗೊಬ್ಬರು ಆಸರೆ ಇದ್ದೀರಲ್ಲ, ಇದು ದೊಡ್ಡ ಶಕ್ತಿ. ಹೊರಗಿನ ಸಹಾಯಕ್ಕಿಂತ ಇದು ದೊಡ್ಡದು. ಇದನ್ನ ನಾನು ಬರೀಲೇಬೇಕು."

ಬರೆದ. ಟೀ ಕುಡಿದು, ಬಹಳ ಚೆನ್ನಾಗಿತ್ತು ಎಂದು ಲೋಟ ವಾಪಸು ಕೊಟ್ಟ. ಎಲ್ಲರಿಗೂ ಕೈ ಮುಗಿದು, ಗೇಟಿನ ಕಡೆ ನಡೆದ. ಡ್ರೈವರ ಅವನ ಹಿಂದೆ ಗೇಟಿನ ತನಕ ಓಡಿದ, ಏನೇನೋ ಹೇಳಿದ, ಅಮ್ಮನನ್ನು ಒಂದು ಸಲ ನೋಡಿ ಹೋಗಿ ಎಂದೂ ಅಂದ. ನಿಮ್ಮ ಸಾಲಿನವರು ನೋಡಿಕೊಳ್ಳುತ್ತಾರೆ, ಅಂಥ ಜನ ಎಲ್ಲರಿಗೂ ಸಿಗುವುದಿಲ್ಲ ಎಂದು ಸಾಹೇಬ ಅವನ ಭುಜ ತಟ್ಟಿದ. ಆ ಮಾತು ನಿಜವೇ ಆಗಿತ್ತು.

ಹೊರಳಿ ಬಂದಾಗ ಚಪ್ಪರ ಖಾಲಿಯಾಗಿತ್ತು. ಬೇಕರಿ ಮಾವ ಮಾತ್ರ ಮುರಿದ ಸ್ಟೂಲಿನ ಕಾಲನ್ನು ಹಗ್ಗದಿಂದ ಬಿಗಿಯುತ್ತ ಕೂತಿದ್ದ. ಡ್ರೈವರನಿಗೆ ಬೈಯಬೇಕೆನಿಸಿತು. ನಿನ್ನ ಒಂದು ಕುರ್ಚಿಯಿಂದ ನನ್ನ ಅಮ್ಮ ಹೋಗುತ್ತಾಳೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಮಾವ ತಲೆ ಎತ್ತಲಿಲ್ಲ.

"ತಡ್ಕೊಳ್ಳಕ್ಕೆ ಆಗ್ಲಿಲ್ಲ ಅಳಿಯ. ಆ ಹುಡ್ಗ ಬಿಸಿಲಲ್ಲಿ ನಿಂತಿದ್ದ."

ಡ್ರೈವರ ತನ್ನ ಬೈಗುಳ ನುಂಗಿಕೊಂಡ. ಮಾವನ ಜಾಗದಲ್ಲಿ ತಾನಿದ್ದರೆ ತಾನೂ ಅದನ್ನೇ ಮಾಡುತ್ತಿದ್ದೆ ಎಂಬುದು ಅವನಿಗೆ ಗೊತ್ತಿತ್ತು, ಗೊತ್ತಿದ್ದದ್ದಕ್ಕೇ ಇನ್ನಷ್ಟು ಸಿಟ್ಟು ಬಂತು. ಮನೆಯ ಸುತ್ತ ಸುಮ್ಮನೆ ಸುತ್ತು ಹಾಕಿದ. ರೇಷನ್ ಲಾರಿ ಗೇಟಿನೊಳಗೆ ಬಂತು. ಅದನ್ನು ಓಡಿಸುವವನು ಗೇರು ಬದಲಾಯಿಸುವ ಸದ್ದಿಗೆ ಹಲ್ಲು ಜುಮ್ಮೆಂದಿತು, ಎಡಗಾಲು ತಾನಾಗಿ ಕ್ಲಚ್ಚು ಹುಡುಕಿತು.

ಕೆಲವು ದಿನಗಳಲ್ಲಿ ಮೇಡಂ ಕರೆಸಿ, ವರದಿ ಎಷ್ಟು ಚೆನ್ನಾಗಿದೆಯೆಂದರೆ ಇನ್ನು ತಾನೇನೂ ಮಾಡುವ ಹಾಗಿಲ್ಲ ಎಂದಳು. ಆಕೆ ಅವನ ಮುಖ ನೋಡದೆ ಮೇಜಿನ ಮೇಲಿನ ಪೆನ್ನುಗಳನ್ನು ಜೋಡಿಸುತ್ತಿದ್ದಳು. ಹೊರಡುವಾಗ ಇನ್ನೊಂದು ಸುದ್ದಿಯನ್ನೂ ಹೇಳಿದಳು. ಆ ವರದಿ ಓದಿ ದೊಡ್ಡ ಆಫೀಸಿನವರಿಗೆ ಖುಷಿಯಾಗಿದೆ. ಇಡೀ ಸಾಲೇ ತನ್ನನ್ನು ತಾನು ನೋಡಿಕೊಳ್ಳುತ್ತದೆ ಎಂದಮೇಲೆ ಮನೆಮನೆಯ ಕಾರ್ಡುಗಳನ್ನೂ ಒಮ್ಮೆ ನೋಡಬೇಕು ಎಂದಿದ್ದಾರೆ. ಯಾರು ಯಾರಿಗೆ ಎಷ್ಟು ಕೊಡುತ್ತಾರೆ ಎಂದು ಕೇಳಿಕೊಂಡು ಬರಲು ಜನ ಬರುತ್ತಾರೆ. ಕೊಡುವಷ್ಟು ಇದ್ದವರಿಗೆ ಕಾರ್ಡು ಏಕೆ?

ಅವನು ಆ ಸುದ್ದಿಯನ್ನು ಸಾಲಿಗೆ ಹೇಳಿದ ಸಂಜೆಯಿಂದ ಎಲ್ಲವೂ ಬೇರೆಯಾಯಿತು. ಒಂದು ಬಟ್ಟಲು ಹಿಟ್ಟು ಕೊಡುವವರೂ ಎಡಬಲ ನೋಡಿ ಸೆರಗಿನಡಿ ತಂದರು. ಹಿಂಬಾಗಿಲಲ್ಲಿ ಇಟ್ಟು, ಮಾತಾಡದೆ ಹೋದರು. ಇಷ್ಟು ದಿನ ಇಲ್ಲದ್ದನ್ನು ಮುಚ್ಚಿಡುತ್ತಿದ್ದ ಜನ, ಈಗ ಕೊಡುವುದನ್ನು ಮುಚ್ಚಿಡತೊಡಗಿದರು. ಕಳ್ಳತನ ಮಾಡುವವರಿಗೂ ಇಷ್ಟು ಭಯ ಇರಲಿಕ್ಕಿಲ್ಲ ಎಂದು ಹೆಂಡತಿ ಅಂದಳು, ಅಂದು ಅತ್ತಳು.

ಅದೇ ವಾರದ ಒಂದು ಸಂಜೆ ಸೀಸೆ ಬರಿದಾಯಿತು. ಅಮ್ಮ ಬೆಳಗಿನಿಂದ ಚಾಪೆಯ ಮೇಲೇ ಇದ್ದಳು. ನಾಲಿಗೆ ಒಣಗಿ ಮಾತು ತೊದಲುತ್ತಿತ್ತು, ಮತ್ತೆ ಮತ್ತೆ ನೀರು ಕೇಳುತ್ತಿದ್ದಳು. ಅವನು ಖಾಲಿ ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿದ, ಮರಳಿನಲ್ಲಿಟ್ಟ, ತೆಗೆದು ಇನ್ನೊಮ್ಮೆ ನೋಡಿದ. ಕ್ಲಿನಿಕ್ಕಿಗೆ ಎತ್ತಿಕೊಂಡೇ ಹೋಗುತ್ತೇನೆ, ಸಾಯುವವಳನ್ನು ಕಾರ್ಡು ಕೇಳುತ್ತಾರೆಯೇ ನೋಡುತ್ತೇನೆ ಎಂದು ಚಪ್ಪಲಿ ಮೆಟ್ಟುವಷ್ಟರಲ್ಲಿ ಬಾಗಿಲು ತಟ್ಟಿದ ಸದ್ದಾಯಿತು.

ಬೇಕರಿ ಮಾವ ಮತ್ತು ಅವನ ಹೆಂಡತಿ. ಅತ್ತೆಯೆಂದರೆ ಗುಂಡಗೆ, ಬಾಗಿಲ ತುಂಬ ನಿಲ್ಲುವ ಹೆಂಗಸು. ಅವಳಿಗೂ ಅದೇ ಕಾಯಿಲೆ, ಅದೇ ಔಷಧಿ. ಅವರ ಕಾರ್ಡು ಇನ್ನೂ ಇತ್ತು. ಅವಳು ಒದ್ದೆ ಬಟ್ಟೆಯಲ್ಲಿ ಸುತ್ತಿದ್ದನ್ನು ಬಿಚ್ಚಿದಳು. ಅವಳದೇ ಸೀಸೆ, ಒಂದಿಷ್ಟು ಮಾತ್ರ ಬಳಸಿದ್ದು. ಇಬ್ಬರಿಗೂ ಆಗಲಿ ಎಂದಳು.

ಡ್ರೈವರ ಆ ಸೀಸೆಯನ್ನೇ ನೋಡಿದ. ಒಬ್ಬಳ ಸೀಸೆ ಇಬ್ಬರಿಗೆ ಹೇಗೆ ಸಾಲುತ್ತದೆ? ನರ್ಸು ಮುಂದಿನದನ್ನು ಕೊಡುವ ದಿನ ದೂರವಿತ್ತು. ಅಷ್ಟರೊಳಗೆ ಅತ್ತೆಯೂ ಹೀಗೇ ಚಾಪೆ ಹಿಡಿಯುತ್ತಾಳೆ. ಅವನು ಮೊದಲು ಮಾಡಿದ ಕೆಲಸವೆಂದರೆ ಅವರನ್ನು ಒಳಗೆ ಎಳೆದುಕೊಂಡು ಬಾಗಿಲು ಹಾಕಿದ್ದು. ಬಾಗಿಲು ಸೊಟ್ಟಗಾಗಿತ್ತು, ಚಿಲಕ ಕೂರುತ್ತಿರಲಿಲ್ಲ, ಕೈಬಿಟ್ಟರೆ ತಾನಾಗಿ ತೆರೆದುಕೊಳ್ಳುತ್ತಿತ್ತು. ಮನೆಯಲ್ಲಿದ್ದ ಒಂದೇ ಆಸನ, ಮಾವ ಹಗ್ಗ ಬಿಗಿದು ಕೊಟ್ಟಿದ್ದ ಅದೇ ಸ್ಟೂಲು. ಅದನ್ನು ತಂದು ಬಾಗಿಲಿಗೆ ಒತ್ತಿ ಇಟ್ಟ.

"ಇದು ಬೇಡ ಮಾವ," ಎಂದ. "ಯಾರಾದ್ರೂ ನೋಡಿದ್ರೆ ಇದನ್ನೂ ಬರ್ಕೋತಾರೆ. ಅತ್ತೆ ಔಷಧೀನೂ ಹೋಗುತ್ತೆ."

ಅತ್ತೆ ಯಾರ ಮಾತನ್ನೂ ಕೇಳಿಸಿಕೊಳ್ಳದೆ ಸಿರಿಂಜನ್ನು ಬೆಳಕಿಗೆ ಹಿಡಿದು ಔಷಧಿ ಎಳೆಯತೊಡಗಿದಳು. ದಿನಾ ತನಗೆ ತಾನೇ ಚುಚ್ಚಿಕೊಂಡು ರೂಢಿಯಾದ ಕೈ. ಅವಳ ಉಸಿರು ಮೇಲೆ ಕೆಳಗೆ ಆಗುತ್ತಿತ್ತು, ಮೊಣಕಾಲು ನೋವಿನವಳು, ಗೋಡೆಗೆ ಒಂದು ಕೈ ಕೊಟ್ಟು ನಿಂತಿದ್ದಳು.

ಚಾಪೆಯ ಮೇಲಿನಿಂದ ಅಮ್ಮ ಕಣ್ಣು ಬಿಟ್ಟಳು. ಸೀಸೆಯನ್ನು ನೋಡಲಿಲ್ಲ, ಸಿರಿಂಜನ್ನು ನೋಡಲಿಲ್ಲ. ಮಂಜು ಕಣ್ಣಲ್ಲಿ ಅತ್ತೆಯ ಕಾಲುಗಳನ್ನು, ಆಮೇಲೆ ಬಾಗಿಲಿಗೆ ಒತ್ತಿದ್ದ ಸ್ಟೂಲನ್ನು ನೋಡಿದಳು.

"ಲೋ," ಎಂದಳು. ದನಿ ಇರಲಿಲ್ಲ, ಆದರೂ ಅದು ಬೈಗುಳದ ದನಿಯೇ. "ಮನೆಗೆ ಬಂದೋಳು ನಿಂತಿದ್ದಾಳೆ. ಆ ಸ್ಟೂಲು ಯಾರಿಗಂತ ಇಟ್ಟಿದೀಯ?"

"ಅಮ್ಮ, ಅದು ಬಾಗ್ಲಿಗೆ."

"ಬಾಗ್ಲಿಗೆ ಕಾಲ್ನೋವಾ?"

ಅವನು ಬಾಗಿಲ ಹತ್ತಿರ ನಿಂತ. ಬಲಗಾಲು ಒತ್ತುತ್ತಿತ್ತು, ಎಲ್ಲಿದ್ದ ಬಲವೆಲ್ಲ ಅಲ್ಲಿಗೇ ಬಂದಂತೆ ಒತ್ತುತ್ತಿತ್ತು. ಹೊರಗೆ ಹಾದಿಯಲ್ಲಿ ಬೂಟಿನ ಸದ್ದು. ಅದು ನೀರಿಗೆ ಹೋಗುವ ಯಾರದೋ ಇರಬಹುದು, ಕೇಳಿಕೊಂಡು ಹೋಗಲು ಬಂದವರದ್ದೂ ಇರಬಹುದು. ಹೆಂಡತಿ ಬೇಡವೆಂಬಂತೆ ತಲೆಯಾಡಿಸಿದಳು. ಅಮ್ಮ ಅವನನ್ನೇ ನೋಡುತ್ತಿದ್ದಳು, ಸೆರಗು ಸರಿಸಿ ತೋಳು ಚಾಚಲು ಒಪ್ಪದೆ.

ಅವನು ಬಗ್ಗಿ ಸ್ಟೂಲು ಎತ್ತಿಕೊಂಡ. ತನ್ನ ಅಂಗಿಯ ಚುಂಗಿನಿಂದ ಅದನ್ನು ಒರೆಸಿ ಅತ್ತೆಯ ಹಿಂದೆ ಇಟ್ಟು, ಅವಳು ಕೂರುವ ತನಕ ಅಲುಗುವ ಕಾಲನ್ನು ಕೈಯಲ್ಲಿ ಹಿಡಿದುಕೊಂಡ. ಬಾಗಿಲು ಕಿರುಗುಟ್ಟಿ ತಾನಾಗಿ ತೆರೆದುಕೊಂಡಿತು. ಸಂಜೆಯ ಬಿಸಿಲು ಚಾಪೆಯ ತನಕ ಬಂತು. ಅಮ್ಮ ಸೆರಗು ಸರಿಸಿ ತೋಳು ಚಾಚಿದಳು. ಹಾದಿಯಲ್ಲಿ ಹೋಗುವವರಿಗೆಲ್ಲ ಕಾಣುವ ಹಾಗೆ ಅತ್ತೆ ಸೂಜಿ ಚುಚ್ಚಿದಳು.